ಉಸಿರಲ್ಲಿ ಹೊರಹೋಗುವ ರೊಟ್ಟಿ

ರಾಯಚೂರು ತಾಲ್ಲೂಕಿನ ಚಂದ್ರಬಂಡದಲ್ಲಿ ಎಲೆ-ಅಡಿಕೆ ಹಾಕುವ ಹಿರಿಯರಿದ್ದ ಮನೆಯಲ್ಲಿ ಸುಣ್ಣದ ಡಬ್ಬಿ ಇದ್ದೇ ಇರುತ್ತದೆ. ಅದರಿಂದ ಕಡಲೆಕಾಳಿನಷ್ಟು ಸುಣ್ಣ ತೆಗೆದು ಒಂದು ಲೋಟ ನೀರಿಗೆ ಕಲಸಿ, ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ಮೇಲಿನ ತಿಳಿನೀರನ್ನು ಗಾಜಿನ ಲೋಟಕ್ಕೆ ಮೆಲ್ಲಗೆ ಬಸಿದುಕೊಂಡು, ಎಳನೀರು ಕುಡಿಯುವ ಕೊಳವೆಯಿಂದ ಅದರೊಳಗೆ ನಿಧಾನವಾಗಿ ಊದಿ. ಊದಬೇಕು, ಹೀರಬಾರದು. ಸುಣ್ಣದ ನೀರು ಕಣ್ಣಿಗೆ ಸಿಡಿಯದಂತೆ ದೊಡ್ಡವರೊಬ್ಬರು ಜೊತೆಗಿರಲಿ. ನೋಡನೋಡುತ್ತ ತಿಳಿನೀರು ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದೆ. ನಿಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದೆ.

ಇನ್ನೊಂದು ಲೋಟಕ್ಕೆ ಸೈಕಲ್ ಪಂಪಿನಿಂದ ಹೊರಗಿನ ಗಾಳಿ ಹಾಯಿಸಿ. ಅದು ಅಷ್ಟು ಬೇಗ ಬೆಳ್ಳಗಾಗುವುದಿಲ್ಲ. ನಾವು ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಈ ಅನಿಲ ಇರುವುದು ಶೇ 0.04ರಷ್ಟು ಮಾತ್ರ, ಹೊರಬಿಡುವ ಉಸಿರಿನಲ್ಲಿ ಸುಮಾರು ಶೇ 4, ಅಂದರೆ ನೂರು ಪಟ್ಟು. ಆಮ್ಲಜನಕವೋ ಶೇ 21ರಿಂದ ಸುಮಾರು ಶೇ 16ಕ್ಕೆ ಇಳಿದಿರುತ್ತದೆ. ಇಷ್ಟೊಂದು ಇಂಗಾಲ ಎಲ್ಲಿಂದ ಬಂತು? ನೀವು ಉಂಡ ಜೋಳದ ರೊಟ್ಟಿಯಿಂದ. ಇದು ಮನಸ್ಸಿಗೆ ಇಳಿದರೆ ಉಸಿರಾಟದ ಪಾಠ ಅರ್ಧ ಕಲಿತಂತೆ.

ಗಾಳಿ ಒಳಗೆ ಬರುವ ಬಗೆಯನ್ನು ಮೊದಲು ನೋಡೋಣ. ತಾನಾಗಿ ಹಿಗ್ಗುವ ಶಕ್ತಿ ಶ್ವಾಸಕೋಶಕ್ಕಿಲ್ಲ. ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತಿರುವ ವಪೆ ಎಂಬ ಸ್ನಾಯು ಬಿಗಿದು ಕೆಳಗಿಳಿಯುತ್ತದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಎದೆಗೂಡನ್ನು ಮೇಲಕ್ಕೂ ಹೊರಕ್ಕೂ ಎತ್ತುತ್ತವೆ. ಒಳಗೆ ಜಾಗ ಹೆಚ್ಚಿ ಒತ್ತಡ ಇಳಿದಾಗ ಹೊರಗಿನ ಗಾಳಿ ನುಗ್ಗುತ್ತದೆ. ಗಾಳಿ ಬಂದು ಎದೆ ಉಬ್ಬುವುದಲ್ಲ, ಎದೆ ಉಬ್ಬಿದ್ದಕ್ಕೇ ಗಾಳಿ ಬರುತ್ತದೆ. ಸುಮ್ಮನೆ ಕೂತ ದೊಡ್ಡವರು ಒಂದು ಸಲಕ್ಕೆ ಸುಮಾರು ಅರ್ಧ ಲೀಟರಿನಂತೆ, ನಿಮಿಷಕ್ಕೆ 12ರಿಂದ 18 ಸಲ ಉಸಿರಾಡುತ್ತಾರೆ.

ಶ್ವಾಸನಾಳ ಬೇವಿನ ಮರದ ಟೊಂಗೆಗಳಂತೆ ಕವಲೊಡೆಯುತ್ತ ಹೋಗಿ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಗೂಡುಗಳಲ್ಲಿ ಕೊನೆಯಾಗುತ್ತದೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ತರಗತಿ ಕೋಣೆಯ ನೆಲವೂ ಸಾಲದು. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತೆಳು. ಅದನ್ನು ದಾಟಿದ ಆಮ್ಲಜನಕವನ್ನು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ ಹಿಡಿದುಕೊಳ್ಳುತ್ತದೆ. ಒಂದು ಹಿಮೋಗ್ಲೋಬಿನ್ ಅಣು ನಾಲ್ಕು ಆಮ್ಲಜನಕದ ಅಣುಗಳನ್ನು ಹೊರಬಲ್ಲದು.

ಹೊತ್ತು ಒಯ್ಯುವುದು ಎಲ್ಲಿಗೆ? ಇದರ ಉತ್ತರ ಹುಡುಕುವಾಗ ನಮ್ಮ ಜಿಲ್ಲೆಯ ಶಕ್ತಿನಗರವನ್ನು ನೆನೆಯಿರಿ. ಕೃಷ್ಣಾ ದಡದ ಆ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಅದು 8 ಘಟಕಗಳ, 1,720 ಮೆಗಾವ್ಯಾಟ್ ಸಾಮರ್ಥ್ಯದ ಕೇಂದ್ರವಾಗಿ ಬೆಳೆಯಿತು. ಅಲ್ಲಿ ಕಲ್ಲಿದ್ದಲಿನ ಇಂಗಾಲ ಆಮ್ಲಜನಕದೊಡನೆ ಸೇರಿ ಉರಿಯುತ್ತದೆ. ಶಾಖ ಸಿಗುತ್ತದೆ, ಇಂಗಾಲದ ಡೈಆಕ್ಸೈಡ್ ಚಿಮಣಿಯಿಂದ ಹೊರಬೀಳುತ್ತದೆ. ನಮ್ಮ ಮೈಯಲ್ಲೂ ಲೆಕ್ಕ ಅದೇ. ರೊಟ್ಟಿಯ ಪಿಷ್ಟ ಕರಗಿ ಗ್ಲೂಕೋಸ್ ಆಗುತ್ತದೆ. ಜೀವಕೋಶದೊಳಗಿನ ಮೈಟೋಕಾಂಡ್ರಿಯಾಗಳ ನೆರವಿನಿಂದ ಆ ಗ್ಲೂಕೋಸ್ ಆಮ್ಲಜನಕ ಬಳಸಿಕೊಂಡು ಒಡೆಯುತ್ತದೆ. ನೀರು, ಇಂಗಾಲದ ಡೈಆಕ್ಸೈಡ್ ಮತ್ತು ಶಕ್ತಿ ಹುಟ್ಟುತ್ತವೆ. ಬೆಂಕಿ ಮಾತ್ರ ಇಲ್ಲ. ಕಿಣ್ವಗಳು ಈ ಕೆಲಸವನ್ನು 37 ಡಿಗ್ರಿ ಬಿಸಿಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಮಾಡಿ, ಶಕ್ತಿಯ ಒಂದು ಪಾಲನ್ನು ಎಟಿಪಿ ಎಂಬ ಅಣುಗಳಲ್ಲಿ ಕೂಡಿಡುತ್ತವೆ.

1780ರ ದಶಕದಲ್ಲಿ ಫ್ರಾನ್ಸಿನ ಲಾವೋಸಿಯೇ ಮತ್ತು ಲಾಪ್ಲಾಸ್ ಹಿಮದ ನಡುವೆ ಗಿನಿ ಹಂದಿಯನ್ನಿಟ್ಟು, ಅದರ ಮೈಶಾಖಕ್ಕೆ ಎಷ್ಟು ಹಿಮ ಕರಗಿತೆಂದು ಅಳೆದರು. ಉಸಿರಾಟ ಒಂದು ನಿಧಾನದ ಉರಿ ಎಂಬ ತೀರ್ಮಾನಕ್ಕೆ ಬಂದರು. ಆ ಉರಿ ಶ್ವಾಸಕೋಶದಲ್ಲಿದೆ ಎಂದು ಲಾವೋಸಿಯೇ ನಂಬಿದ್ದ. ಅದು ಮೈಯ ಜೀವಕೋಶಗಳಲ್ಲಿದೆ ಎಂಬುದು ಆಮೇಲೆ ತಿಳಿಯಿತು. ಶ್ವಾಸಕೋಶ ಬಾಗಿಲು, ಒಲೆ ಇರುವುದು ಒಳಮನೆಯಲ್ಲಿ.

ಆ ಬಾಗಿಲನ್ನು ಕಾಯುವುದು ನಮ್ಮ ಜಿಲ್ಲೆಯಲ್ಲಿ ದೊಡ್ಡ ಮಾತು. ರಾಯಚೂರು, ಮಾನ್ವಿ, ದೇವದುರ್ಗದ ಎರೆಹೊಲಗಳ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಬಂದಾಗ ಗಾಳಿಯ ತುಂಬ ನವಿರಾದ ಧೂಳು. ಮೂಗಿನ ಕೂದಲು, ಸಿಂಬಳ, ಶ್ವಾಸನಾಳದ ಸಣ್ಣ ಲೋಮಗಳು ಬಹಳಷ್ಟು ಧೂಳನ್ನು ತಡೆದು ಹೊರಗೆ ತಳ್ಳುತ್ತವೆ. ವರ್ಷಗಟ್ಟಲೆ ಹತ್ತಿಧೂಳು ಕುಡಿದವರಿಗೆ ಬಿಸಿನೋಸಿಸ್ ಎಂಬ ರೋಗ ಬರಬಹುದು. ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿಯುವುದು ಅದರ ಗುರುತು. ಅಪ್ಪನೋ ಅವ್ವನೋ ಅಂಥ ಕೆಲಸದಲ್ಲಿದ್ದರೆ ಮುಖಗವಸು ಕಟ್ಟಿಕೊಳ್ಳಲು ಹೇಳಿ. ಎದೆ ಬಿಗಿದರೆ ವೈದ್ಯರ ಬಳಿ ಕರೆದೊಯ್ಯಿರಿ.

ಈಗ ಲೋಟವನ್ನು ಮತ್ತೆ ನೋಡಿ. ಬೆಳ್ಳಗಿನ ಪುಡಿ ತಳಕ್ಕಿಳಿದಿದೆ. ಹಿಂಗಾರಿನ ಹೊಲದಲ್ಲಿ ಜೋಳದ ಎಲೆ ಗಾಳಿಯಿಂದ ಹೀರಿದ ಇಂಗಾಲ ಕಾಳಾಗಿ, ರೊಟ್ಟಿಯಾಗಿ, ನಿಮ್ಮ ತೋಳಿಗೆ ಬಲವಾಗಿ, ಉಸಿರಾಗಿ ಅಲ್ಲಿ ಬಂದು ಕೂತಿದೆ.