ಸಣ್ಣ ಮೈಕಟ್ಟಿನ ಹಾಕಿ ಆಟಗಾರರಿಗೆ ಬೇಸಿಗೆಯ ಕಸರತ್ತು

ವಿಶಾಖಪಟ್ಟಣದಿಂದ ಹೌರಾ ಕಡೆಯ ರೈಲು ಹತ್ತಿದರೆ ವಿಜಯನಗರಂ ದಾಟಿದ ಮೇಲೆ ಶ್ರೀಕಾಕುಳಂ ರೋಡ್ ನಿಲ್ದಾಣ ಬರುತ್ತದೆ. ಆ ನಿಲ್ದಾಣವಿರುವ ಊರು ಆಮದಾಲವಲಸ, ಕರಣಂ ಮಲ್ಲೇಶ್ವರಿಯವರ ಸೀಮೆ. 1994 ಮತ್ತು 1995ರಲ್ಲಿ ವೇಟ್‌ಲಿಫ್ಟಿಂಗ್‌ನ 54 ಕೆ.ಜಿ. ವಿಭಾಗದ ವಿಶ್ವ ಚಾಂಪಿಯನ್ ಆಗಿದ್ದ ಅವರು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕಣಕ್ಕಿಳಿದದ್ದು 69 ಕೆ.ಜಿ. ವಿಭಾಗದಲ್ಲಿ. ಸ್ನ್ಯಾಚ್‌ನಲ್ಲಿ 110, ಕ್ಲೀನ್ ಅಂಡ್ ಜರ್ಕ್‌ನಲ್ಲಿ 130, ಒಟ್ಟು 240 ಕೆ.ಜಿ. ಎತ್ತಿ ಕಂಚು ಗೆದ್ದು, ಒಲಿಂಪಿಕ್ ಪದಕ ತಂದ ಮೊದಲ ಭಾರತೀಯ ಮಹಿಳೆಯಾದರು. ಅದಕ್ಕೂ ಮೊದಲೇ ವಿಜಯನಗರಂ ಸೀಮೆಯಲ್ಲಿ ಕೋಡಿ ರಾಮಮೂರ್ತಿ ನಾಯ್ಡು ತಮ್ಮ ದೇಹಬಲದಿಂದ ಮನೆಮಾತಾಗಿದ್ದರು. ಮೈ ಬೆಳೆಸುವುದಕ್ಕೆ ಗೌರವವಿರುವ ನೆಲ ಇದು.

ಇಂಥ ಕಡೆ ಹಾಕಿ ಆಡುವ ತೆಳ್ಳನೆಯ ಹುಡುಗನಿಗೋ ಹುಡುಗಿಗೋ ಬೇಸಿಗೆ ರಜೆ ಬಂತೆಂದರೆ ಸಿಗುವ ಮೊದಲ ಬುದ್ಧಿಮಾತು, 'ಜಿಮ್‌ಗೆ ಹೋಗು, ಒಂದಿಷ್ಟು ಮೈ ಹಿಡಿಸು' ಎಂಬುದೇ. ಹೇಳುವವರ ಕಾಳಜಿ ನಿಜವಾದದ್ದು. ಆದರೆ ಮಲ್ಲೇಶ್ವರಿಯವರ ಆಟದಲ್ಲಿ ಏರಿದ ತೂಕ ನೇರವಾಗಿ ಕಬ್ಬಿಣ ಎತ್ತುವ ಕೆಲಸಕ್ಕೆ ಬರುತ್ತದೆ. ಹಾಕಿಯಲ್ಲಿ ಅದು ಎಷ್ಟರಮಟ್ಟಿಗೆ ಬರುತ್ತದೆ?

ಮೊದಲು ನಿಯಮ ನೋಡೋಣ. ಮೈ ತಾಗಿಸದೆ ಚೆಂಡನ್ನು ಆಡುವ ಸ್ಥಿತಿಯಲ್ಲಿದ್ದರೆ ಮಾತ್ರ ಟ್ಯಾಕಲ್ ಮಾಡಬೇಕು. ಚೆಂಡಿಗೂ ಎದುರಾಳಿಗೂ ನಡುವೆ ಬೆನ್ನು ಕೊಟ್ಟು ಅಡ್ಡಗಟ್ಟಿದರೆ ಅಬ್‌ಸ್ಟ್ರಕ್ಷನ್ ಫೌಲ್. ಐಸ್ ಹಾಕಿಯಲ್ಲಾದರೆ ಎದುರಾಳಿಯನ್ನು ಹಲಗೆಗೆ ಒತ್ತಿ ನಿಲ್ಲಿಸಬಹುದು, ಫುಟ್‌ಬಾಲ್‌ನಲ್ಲಿ ಭುಜಕ್ಕೆ ಭುಜ ಕೊಡಬಹುದು. ನಮ್ಮ ಹಾಕಿಯಲ್ಲಿ ದಪ್ಪ ಮೈಯನ್ನು ಗೋಡೆಯಾಗಿಸಿಕೊಳ್ಳಲು ಕಾನೂನೇ ಬಿಡುವುದಿಲ್ಲ. ಸಣ್ಣ ಮೈಯವರಿಗೆ ಈ ಆಟ ಕೊಟ್ಟಿರುವ ದೊಡ್ಡ ರಿಯಾಯಿತಿ ಇದು, ಕೋಚ್‌ಗಳೂ ಇದನ್ನು ಮರೆಯುತ್ತಾರೆ.

ನಮ್ಮ ಕೊಡಗಿನಲ್ಲೇ ಉದಾಹರಣೆಯಿದೆ. ಸೋಮವಾರಪೇಟೆಯ ಎಸ್.ವಿ. ಸುನಿಲ್, ಹಾಗೆಯೇ ವಿ.ಆರ್. ರಘುನಾಥ್, ಇಬ್ಬರೂ 2012ರ ಲಂಡನ್ ಮತ್ತು 2016ರ ರಿಯೊ ಒಲಿಂಪಿಕ್ಸ್ ಆಡಿದವರು. ರಘುನಾಥ್ ಆಜಾನುಬಾಹು. ರಕ್ಷಣೆಯಲ್ಲಿ ನಿಂತು, ಪೆನಾಲ್ಟಿ ಕಾರ್ನರ್‌ಗಳಲ್ಲಿ ಡ್ರ್ಯಾಗ್ ಫ್ಲಿಕ್ ಹೊಡೆಯುವ ಕೆಲಸಕ್ಕೆ ಆ ಮೈ ಒಪ್ಪುತ್ತಿತ್ತು. ಸುನಿಲ್ ತೆಳುಮೈಯ ಫಾರ್ವರ್ಡ್. ಬಲಬದಿಯಲ್ಲಿ ಅವರು ಚೆಂಡು ಹಿಡಿದು ಓಡತೊಡಗಿದರೆ ಹಿಂದಿದ್ದವರು ಹಿಂದೆಯೇ ಉಳಿಯುತ್ತಿದ್ದರು. 2016ರ ಏಷ್ಯಾದ ಶ್ರೇಷ್ಠ ಆಟಗಾರ ಎಂಬ ಗೌರವ ಸಿಕ್ಕಿದ್ದು ಈ ತೆಳುಮೈಯವರಿಗೆ. ಹಾಗಾಗಿ ಯಾವ ಜಾಗದಲ್ಲಿ ಆಡುವವರು ಎಂದು ಕೇಳದೆ ಮೈ ಬೆಳೆಸಿ ಎನ್ನುವುದು ಅರ್ಧ ಸಲಹೆ.

ಲೆಕ್ಕ ಹೀಗಿದೆ. 55 ಕೆ.ಜಿ. ತೂಗುವ ಹುಡುಗ 3 ಕೆ.ಜಿ. ಹೆಚ್ಚಿಸಿಕೊಂಡರೆ ಅವನ ತೂಕ ನೂರಕ್ಕೆ ಐದೂವರೆಯಷ್ಟು ಏರಿತು. ನೆಲವನ್ನು ಹಿಂದಕ್ಕೆ ತಳ್ಳುವ ಕಾಲಿನ ಬಲವೂ ಕನಿಷ್ಠ ಅಷ್ಟೇ ಏರಿದರೆ ಹಳೆಯ ವೇಗ ಉಳಿಯುತ್ತದೆ, ಅದಕ್ಕಿಂತ ಹೆಚ್ಚಿದರೆ ವೇಗ ಕೂಡುತ್ತದೆ. ಏರಿದ ತೂಕವೆಲ್ಲ ಎದೆ, ತೋಳುಗಳಿಗೆ ಸೇರಿದರೆ ಅಕ್ಕಿಯ ಚೀಲ ಕಟ್ಟಿಕೊಂಡು ಓಡಿದ ಹಾಗೆ. ಜಿಮ್‌ಗೆ ಹೊಸದಾಗಿ ಹೋಗುವ ಹುಡುಗರು ಕನ್ನಡಿಯಲ್ಲಿ ಕಾಣುವ ಸ್ನಾಯುಗಳಿಗೇ ದುಡಿಯುತ್ತಾರೆ. ಹಾಕಿಗೆ ಬೇಕಾದವು ಬಹುಪಾಲು ಬೆನ್ನ ಹಿಂದೆ, ಸೊಂಟದ ಕೆಳಗೆ ಇವೆ.

ಒಂದು ಟ್ಯಾಕಲನ್ನು ಹತ್ತಿರದಿಂದ ನೋಡಿ. ಎದುರಾಳಿ ಪಕ್ಕದಿಂದ ನುಗ್ಗುತ್ತಿದ್ದಾಳೆ. ಡಿಫೆಂಡರ್ ಎಡಗಾಲು ಮುಂದೆ ಚಾಚಿ, ಮಂಡಿ ಮಡಿಸಿ, ಎಡಗೈಯೊಂದರಲ್ಲೇ ಸ್ಟಿಕ್ಕನ್ನು ನೆಲಕ್ಕೆ ಒರಗಿಸುತ್ತಾಳೆ. ಮುಂದಿನ ತೊಡೆ ಓಟಕ್ಕೆ ಬ್ರೇಕ್ ಹಾಕಬೇಕು, ಒಳತೊಡೆ ಕಾಲು ಜಾರದಂತೆ ಹಿಡಿಯಬೇಕು, ಪೃಷ್ಠದ ಸ್ನಾಯು ಸೊಂಟವನ್ನು ತಡೆದು ನಿಲ್ಲಿಸಬೇಕು, ಬಾಗಿದ ಬೆನ್ನು ಕುಸಿಯಬಾರದು. ಚೆಂಡು ಸಿಕ್ಕ ಮರುಕ್ಷಣ ಅದೇ ಕಾಲಿನಿಂದ ನೆಲವನ್ನು ಒದ್ದು ಎದ್ದು ಓಡಬೇಕು. ಸಣ್ಣ ಆಟಗಾರ್ತಿ ಚೆಂಡು ಕಳೆದುಕೊಳ್ಳುವುದು ಸಾಮಾನ್ಯವಾಗಿ ಇಲ್ಲಿಯೇ. ನೋಡುವವರು 'ಮೈ ಸಾಲದು' ಎನ್ನುತ್ತಾರೆ, ಸಾಲದ್ದು ಒಂಟಿಗಾಲಿನ ಬಲ. ಹಿಂಗಾಲನ್ನು ಬೆಂಚಿನ ಮೇಲಿಟ್ಟು ಮುಂಗಾಲಿನಲ್ಲಿ ಕುಳಿತೇಳುವ ಸ್ಪ್ಲಿಟ್ ಸ್ಕ್ವಾಟ್, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್, ಪುಲ್ ಅಪ್, ಜೊತೆಗಾರರು ಹಿಮ್ಮಡಿ ಹಿಡಿದಿರುವಾಗ ಮೊಣಕಾಲೂರಿ ನಿಧಾನವಾಗಿ ಮುಂದಕ್ಕೆ ಬಾಗುವ ನಾರ್ಡಿಕ್ ಕಸರತ್ತು, ಇಷ್ಟಿದ್ದರೆ ಧಾರಾಳವಾಯಿತು. ಈ ಕೊನೆಯದು ತೊಡೆ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಗಾಯಗಳನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ವಿಶಾಖಪಟ್ಟಣದವರಿಗೆ ಕೈಲಾಸಗಿರಿಯ ಏರು, ವಿಜಯವಾಡದವರಿಗೆ ಮೊಗಲ್‌ರಾಜಪುರಂ ಬೆಟ್ಟದ ಬುಡ ಇದ್ದೇ ಇವೆ. ಅಲ್ಲಿ ಎಂಟು ಹತ್ತು ಸೆಕೆಂಡುಗಳ ಏರು ಓಟ, ಪೂರ್ತಿ ಉಸಿರು ತಿರುಗಿದ ಮೇಲೆ ಇನ್ನೊಂದು. ಇದಕ್ಕೆ ಜಿಮ್ ಶುಲ್ಕ ಬೇಕಿಲ್ಲ.

ಆಂಧ್ರದ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಕೊನೆಯಿಂದ ಜೂನ್ ಎರಡನೇ ವಾರದವರೆಗೆ, ಹೆಚ್ಚೂ ಕಡಿಮೆ ಏಳು ವಾರ. ಭಾರ ಎತ್ತಲು ಹೊಸದಾಗಿ ಶುರುಮಾಡಿದವರಲ್ಲಿ ಮೊದಲ ಆರೆಂಟು ವಾರಗಳ ಬಲವೃದ್ಧಿ ಹೆಚ್ಚಾಗಿ ನರಗಳದ್ದು. ಇರುವ ಸ್ನಾಯುವಿನ ಹೆಚ್ಚು ಎಳೆಗಳನ್ನು ಒಟ್ಟಿಗೆ, ಬೇಗ ದುಡಿಸುವುದನ್ನು ಮಿದುಳು ಕಲಿಯುತ್ತದೆ. ಸ್ನಾಯು ಕಣ್ಣಿಗೆ ಕಾಣುವಷ್ಟು ಬೆಳೆಯುವುದು ಆಮೇಲೆ. ಅಂದರೆ ತೂಕ ಏರದೆಯೇ ಬಲ ಏರುವ ಅವಧಿ ನಮ್ಮ ರಜೆಗೆ ಸರಿಯಾಗಿ ಹೊಂದುತ್ತದೆ. ಇದನ್ನು ಬಿಟ್ಟು ತಕ್ಕಡಿಯ ಮುಳ್ಳಿನ ಹಿಂದೆ ಬೀಳುವುದು ನಷ್ಟವೆಂದೇ ನನ್ನ ಅಭಿಪ್ರಾಯ. ಭಾರ ಎತ್ತಿದರೆ ಎತ್ತರ ಕುಂಠಿತವಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ತಿಳಿದವರು ಪಕ್ಕದಲ್ಲಿದ್ದು, ಮಿತವಾದ ಭಾರದಿಂದ ಶುರುಮಾಡಿದರೆ ಮಕ್ಕಳೂ ಕಲಿಯಬಹುದು. ಹದಿಮೂರು ಹದಿನಾಲ್ಕರ ಹುಡುಗರು ಸ್ನಾಯುವಿಗಾಗಿ ಆತುರಪಡಬೇಕಿಲ್ಲ, ಎತ್ತರ ಜಿಗಿದ ಬಳಿಕ ದೇಹವೇ ಅದನ್ನು ಕೊಡುತ್ತದೆ.

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಸೆಕೆಯ ಮಾತು ಬಿಡುವಂತಿಲ್ಲ. ರೋಹಿಣಿ ಕಾರ್ತೆಯಲ್ಲಿ ಒರಳುಗಳೂ ಬಿರಿಯುತ್ತವೆ ಎನ್ನುತ್ತಾರೆ ತೆಲುಗರು. ವಿಜಯವಾಡದ ಮೇ ತಿಂಗಳು ಹಾಗೆಯೇ ಇರುತ್ತದೆ. ವಿಶಾಖಪಟ್ಟಣದಲ್ಲಿ ಉಷ್ಣಾಂಶ ಅಷ್ಟಿರದಿದ್ದರೂ ಕಡಲ ತೇವದಿಂದ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು. ಭಾರವಾದ ದೇಹ ಓಡುವಾಗ ಹೆಚ್ಚು ಶಾಖ ಹುಟ್ಟಿಸುತ್ತದೆ, ಆದರೆ ತೂಕ ಏರಿದ ಪ್ರಮಾಣದಲ್ಲಿ ಚರ್ಮದ ವಿಸ್ತಾರ ಏರುವುದಿಲ್ಲ. ಕರಾವಳಿಯ ಪಂದ್ಯದ ನಾಲ್ಕನೇ ಕ್ವಾರ್ಟರ್‌ನಲ್ಲಿ ಸಣ್ಣ ಮೈಯೇ ಲಾಭ.

ಊಟಕ್ಕೆ ಬಂದರೆ, ಬಲ ಕೂಡಿಸಿಕೊಳ್ಳುವವರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 55 ಕೆ.ಜಿ.ಯವರಿಗೆ ಅದು 88 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಮೀನಿನಲ್ಲಿ 20ರ ಆಸುಪಾಸು, ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ 24ರಷ್ಟು. ಬೆಳಗ್ಗೆ ಪೆಸರಟ್ಟು, ಮಧ್ಯಾಹ್ನ ಬೇಳೆಯ ಗಟ್ಟಿ ಪಪ್ಪು ಮತ್ತು ಮೊಸರು, ರಾತ್ರಿ ಮೀನೋ ಮೊಟ್ಟೆಯೋ. ದೇಶದಲ್ಲೇ ಅತಿ ಹೆಚ್ಚು ಮೊಟ್ಟೆ ಉತ್ಪಾದಿಸುವ ರಾಜ್ಯಗಳ ಸಾಲಿನಲ್ಲಿ ಮುಂದಿರುವ ಆಂಧ್ರದಲ್ಲಿ ಇದು ಕೈಗೆಟುಕದ ಊಟವಲ್ಲ. ಜಿಮ್‌ನಲ್ಲಿ ಮಾರುವ ಡಬ್ಬಿಗಳಿಂದ ದೂರವಿರುವುದು ಲೇಸು. ಲೇಬಲ್ಲಿನಲ್ಲಿ ಬರೆಯದ ನಿಷೇಧಿತ ವಸ್ತು ಒಳಗಿದ್ದರೂ ಡೋಪಿಂಗ್ ಪರೀಕ್ಷೆಯಲ್ಲಿ ಹೊಣೆ ಆಟಗಾರರದ್ದೇ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಮೂರನೇ ಕ್ವಾರ್ಟರ್ ಹೊತ್ತಿಗೆ ಕಾಲು ಸೋಲುವ ತೆಳ್ಳನೆಯ ಹುಡುಗಿಗೆ ಜಿಮ್ ಸದಸ್ಯತ್ವಕ್ಕಿಂತ ಮೊದಲು ಬೇಕಾದದ್ದು ಹಿಮೋಗ್ಲೋಬಿನ್ ಪರೀಕ್ಷೆ. 12 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರನ್ನು ಕಾಣಬೇಕು. ಊಟ ಕಡಿಮೆಯಾಗಿ, ಕಸರತ್ತು ಹೆಚ್ಚಾಗಿ ಮುಟ್ಟು ನಿಂತಿದ್ದರೆ ಅದನ್ನು ಶಿಸ್ತಿನ ಲಕ್ಷಣವೆಂದು ಮುಚ್ಚಿಡಬಾರದು, ಮೂಳೆಗಳಿಗೆ ಅದರಿಂದ ಅಪಾಯ. ಇಂಥ ಕಾಳಜಿಗೆ ಸಮಯವೂ ಬೇಕು. ದಕ್ಷಿಣ ಆಫ್ರಿಕದ ವೇಯ್ನ್ ಲೊಂಬಾರ್ಡ್ ವರ್ಷಗಟ್ಟಲೆ ನಮ್ಮ ಮಹಿಳಾ ತಂಡದ ದೈಹಿಕ ಕ್ಷಮತೆಗೆ ದುಡಿದ ಮೇಲೆ, 2021ರ ಆಗಸ್ಟ್ 2ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆ ತಂಡ ಆಸ್ಟ್ರೇಲಿಯಾವನ್ನು 1–0ಯಿಂದ ಸೋಲಿಸಿ ಸೆಮಿಫೈನಲ್ ಸೇರಿತು. ಅದರ ಹಿಂದೆ ಇದ್ದದ್ದು ಒಂದು ರಜೆಯ ಕಸರತ್ತಲ್ಲ.

ರಜೆಯ ಮೊದಲ ದಿನ 10 ಮತ್ತು 30 ಮೀಟರ್ ಓಟದ ಸಮಯ, ಬೆಳಗಿನ ಖಾಲಿ ಹೊಟ್ಟೆಯ ತೂಕ, ಪುಲ್ ಅಪ್‌ಗಳ ಎಣಿಕೆ ಬರೆದಿಡಿ. ಎರಡು ವಾರಕ್ಕೊಮ್ಮೆ ಅದೇ ಮೈದಾನದಲ್ಲಿ, ಅದೇ ಬೂಟಿನಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ಅಳೆಯಿರಿ. ತೂಕ ಎರಡು ಕೆ.ಜಿ. ಏರಿಯೂ 10 ಮೀಟರ್ ಸಮಯ ಇಳಿದಿದ್ದರೆ ಆ ತೂಕ ಇರಲಿ. ಸಮಯ ಏರಿದ್ದರೆ ಭಾರದ ಸೆಟ್‌ಗಳನ್ನು ತಗ್ಗಿಸಿ, ಏರು ಓಟಗಳನ್ನು ಹೆಚ್ಚಿಸಿ, ಮುಂದಿನ ಅಳತೆಯವರೆಗೆ ಕಾಯಿರಿ.