ಗುಳಿಗೆಯೂ ಇರುಳಿನ ನಿದ್ರೆಯೂ

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎಂಬ ಗಾದೆಯನ್ನು ಕೇಳದವರಿಲ್ಲ. ಚಿಂತೆಯು ನಿದ್ರೆಯನ್ನು ಕೆಡಿಸುತ್ತದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಮನಸ್ಸಿನ ಕುಗ್ಗನ್ನು ಕಳೆಯುವುದಕ್ಕಾಗಿ ಕೊಟ್ಟ ಔಷಧವೇ ಕೆಲವು ಕಾಲ ನಿದ್ರೆಯನ್ನು ಕೆಡಿಸಬಹುದೆಂಬುದನ್ನೂ, ಅದನ್ನು ಸೇವಿಸಿದವರ ನಿದ್ರೆಯೊಡನೆ ಪಕ್ಕದಲ್ಲಿ ಮಲಗಿದವರ ನಿದ್ರೆಯೂ ಹಾಳಾಗಬಹುದೆಂಬುದನ್ನೂ ಬಲ್ಲವರು ಕಡಿಮೆ. ನಮಗಾದರೂ ಇದು ಮೊದಲು ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಮನೆಯಲ್ಲಿ ನಡೆದ ಸಂಗತಿಯಿಂದ. ಮನೆಯಾಕೆಯ ಒಪ್ಪಿಗೆಯನ್ನು ಪಡೆದು ಅದನ್ನಿಲ್ಲಿ ಬರೆಯುತ್ತಿದ್ದೇವೆ.

ನಮ್ಮ ಊರು ದೊಡ್ಡಗದ್ದವಳ್ಳಿ. ಹಾಸನದಿಂದ ಸುಮಾರು 16 ಕಿಲೋಮೀಟರ್ ದೂರದಲ್ಲಿ, ಕೆರೆಯ ದಡದಲ್ಲಿ, ಇಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀದೇವಿಯ ದೇವಾಲಯವಿದೆ. ವಿಷ್ಣುವರ್ಧನನ ಆಳ್ವಿಕೆಯಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಆತನ ಪತ್ನಿ ಸಹಜಾದೇವಿಯೂ ಇದನ್ನು ಕಟ್ಟಿಸಿದರು. ದೇವಾಲಯದ ನಾಲ್ಕು ಗರ್ಭಗುಡಿಗಳಲ್ಲಿ ಒಂದು ಕಾಳಿಯದು. ಅದರ ಇಕ್ಕೆಲಗಳಲ್ಲಿ ಎಲುಬಿನ ಹಂದರದಂತಹ ಬೇತಾಳಗಳು ನಿಂತಿವೆ. ಊರಿನ ಮಕ್ಕಳೆಲ್ಲರೂ ಒಮ್ಮೆಯಾದರೂ ಅವನ್ನು ಕನಸಿನಲ್ಲಿ ಕಂಡು ಬೆಚ್ಚಿಬಿದ್ದವರೇ ಆಗಿದ್ದಾರೆ.

ತಂದೆಯವರು ತೀರಿಕೊಂಡ ಮೇಲೆ ನಮ್ಮ ಮನೆಯಾಕೆಗೆ ಊಟ ಬೇಡವಾಯಿತು, ಮಾತು ಬೇಡವಾಯಿತು, ತಿಂಗಳುಗಳು ಕಳೆದರೂ ದುಃಖ ಕರಗಲಿಲ್ಲ. ಹಾಸನದ ವೈದ್ಯರು ಪರೀಕ್ಷಿಸಿ, ಇದು ಖಿನ್ನತೆ ಎಂಬ ಕಾಯಿಲೆ, ಗುಣವಾಗುವಂಥದು ಎಂದು ಹೇಳಿ, ಸರ್ಟ್ರಲೀನ್ ಎಂಬ ಗುಳಿಗೆಯನ್ನು ಕೊಟ್ಟರು. ರಾತ್ರಿ ಊಟವಾದ ಮೇಲೆ ಒಂಬತ್ತು ಗಂಟೆಗೆ ಅದನ್ನು ತೆಗೆದುಕೊಳ್ಳುವುದು ರೂಢಿಯಾಯಿತು.

ಎರಡನೆಯ ವಾರದಲ್ಲಿ ತೊಂದರೆ ಕಾಣಿಸಿಕೊಂಡಿತು. ನಡುರಾತ್ರಿ ಕಳೆದ ಮೇಲೆ ಆಕೆಯ ಕಾಲುಗಳು ಅರ್ಧ ನಿಮಿಷಕ್ಕೊಮ್ಮೆ ಝಾಡಿಸುತ್ತಿದ್ದವು. ಮೈ ಬೆವರಿ ಹೊದಿಕೆ ತೊಯ್ದುಹೋಗುತ್ತಿತ್ತು. ಬೆಳಗಿನ ಜಾವದಲ್ಲಿ ಆಕೆ ನಿದ್ರೆಯಲ್ಲಿಯೇ ಕೂಗಿ, ಯಾರನ್ನೋ ದೂಡುವಂತೆ ಕೈಬೀಸುತ್ತಿದ್ದಳು. ಒಮ್ಮೆ ಆ ಕೈ ನಮ್ಮ ಮೂಗಿಗೆ ತಗುಲಿ ರಕ್ತ ಬಂತು. ಎಬ್ಬಿಸಿದರೆ, “ಅಪ್ಪನನ್ನು ಯಾರೋ ಕೆರೆಗೆ ಎಳೆಯುತ್ತಿದ್ದರು” ಎಂದು ನಡುಗುತ್ತಿದ್ದಳು. ನಮ್ಮ ತಾಯಿಯವರು, “ಹೊತ್ತಲ್ಲದ ಹೊತ್ತಿನಲ್ಲಿ ಕೆರೆ ಏರಿಯ ಮೇಲೆ ಓಡಾಡಿದ್ದಾಳೆ, ಗಾಳಿ ಸೋಕಿದೆ ಕಣಪ್ಪ, ಒಂದು ಯಂತ್ರ ಕಟ್ಟಿಸು” ಎಂದರು. ಭೌತಶಾಸ್ತ್ರವನ್ನು ಕಲಿಸುವ ನಾವು ಯಂತ್ರವನ್ನು ಕಟ್ಟಿಸಲಿಲ್ಲ. ಆದರೆ ಅದಕ್ಕಿಂತ ಅಪಾಯಕರವಾದ ಇನ್ನೊಂದು ಕೆಲಸವನ್ನು ಮಾಡಿದೆವು. ಅದನ್ನು ಹೇಳುವ ಮೊದಲು ನಿದ್ರೆಯ ವಿಷಯವನ್ನು ಸ್ವಲ್ಪ ತಿಳಿದುಕೊಳ್ಳೋಣ.

ನಿದ್ರೆಯ ಮೆಟ್ಟಿಲುಗಳು

ಮಿದುಳಿನ ನರಕೋಶಗಳು ವಿದ್ಯುತ್ತಿನ ಮೂಲಕ ಕೆಲಸ ಮಾಡುತ್ತವೆ. ತಲೆಯ ಚರ್ಮದ ಮೇಲೆ ದೊರೆಯುವ ವಿದ್ಯುದ್ವಿಭವವು ಹತ್ತಾರು ಮೈಕ್ರೋವೋಲ್ಟುಗಳಷ್ಟು; ಅಂದರೆ ಟಾರ್ಚಿನ ಒಂದು ಸೆಲ್ಲಿನ ವಿಭವದ ಹತ್ತಾರು ಸಾವಿರದಲ್ಲಿ ಒಂದು ಪಾಲು. ಇದನ್ನು ಮನುಷ್ಯನ ತಲೆಯಿಂದ ಮೊದಲು ದಾಖಲಿಸಿದವನು ಜರ್ಮನಿಯ ಹಾನ್ಸ್ ಬರ್ಗರ್. ಆತನ ವರದಿಯು 1929ರಲ್ಲಿ ಪ್ರಕಟವಾಯಿತು. ಎಚ್ಚರವಾಗಿ ಕಣ್ಣು ಮುಚ್ಚಿ ಕುಳಿತವರಲ್ಲಿ ಸೆಕೆಂಡಿಗೆ 8ರಿಂದ 13ರಷ್ಟು ತರಂಗಗಳು ಕಾಣಿಸುತ್ತವೆ. ನಿದ್ರೆ ಗಾಢವಾದಂತೆ ತರಂಗಗಳು ನಿಧಾನವಾಗಿ, ಎತ್ತರವಾಗಿ, ಸೆಕೆಂಡಿಗೆ 4ಕ್ಕಿಂತ ಕಡಿಮೆಯಾಗುತ್ತವೆ.

1953ರಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು ಒಂದು ವಿಚಿತ್ರವನ್ನು ಪ್ರಕಟಿಸಿದರು. ನಿದ್ರಿಸುವವರ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯೊಳಗೆ ಆಗಾಗ ಬಿರುಸಾಗಿ ಚಲಿಸುತ್ತವೆ. ಆಗ ಎಬ್ಬಿಸಿ ಕೇಳಿದರೆ ಬಹುಮಟ್ಟಿಗೆ ಅವರು ಕನಸನ್ನು ಹೇಳುತ್ತಾರೆ. ಇದನ್ನು ನಾವು ಕನಸಿನ ನಿದ್ರೆ ಎಂದು ಕರೆಯೋಣ. ಸುಮಾರು 90 ನಿಮಿಷಗಳಿಗೊಮ್ಮೆ ಇದರ ಸರದಿ ಬರುತ್ತದೆ. ರಾತ್ರಿಯ ಕೊನೆಯ ಭಾಗದಲ್ಲಿ ಇದು ಹೆಚ್ಚು. ಇದರ ಇನ್ನೊಂದು ಗುಣವು ನಮ್ಮ ಕಥೆಗೆ ಮುಖ್ಯವಾದುದು. ಕನಸಿನ ನಿದ್ರೆಯಲ್ಲಿ ಮಿದುಳಿನ ಕಾಂಡವು ಕೈಕಾಲುಗಳ ಸ್ನಾಯುಗಳನ್ನು ಸಡಿಲಗೊಳಿಸಿ ನಿಶ್ಚಲವಾಗಿಡುತ್ತದೆ. ಕನಸಿನಲ್ಲಿ ಓಡುತ್ತಿದ್ದರೂ ಹಾಸಿಗೆಯಲ್ಲಿ ಕಾಲು ಅಲುಗದಿರುವುದು ಇದರಿಂದಲೇ. ಈ ಬೀಗ ಸಡಿಲವಾದರೆ ಕನಸು ಕಂಡಂತೆಯೇ ಕೈಕಾಲು ಆಡುತ್ತದೆ.

ಗುಳಿಗೆ ಮಾಡುವ ಕೆಲಸ

ಒಂದು ನರಕೋಶವು ಇನ್ನೊಂದಕ್ಕೆ ಸುದ್ದಿಯನ್ನು ಮುಟ್ಟಿಸುವುದು ಎರಡರ ನಡುವಣ ಅತಿ ಸೂಕ್ಷ್ಮವಾದ ಸಂದಿನಲ್ಲಿ ರಾಸಾಯನಿಕ ವಸ್ತುಗಳನ್ನು ಸುರಿಯುವುದರ ಮೂಲಕ. ಸೆರೊಟೋನಿನ್ ಅಂತಹ ಒಂದು ವಸ್ತು. ಕೆಲಸ ಮುಗಿದ ಮೇಲೆ ಸುರಿದ ಕೋಶವೇ ಅದನ್ನು ಪಂಪಿನಂತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸರ್ಟ್ರಲೀನ್, ಫ್ಲೂಒಕ್ಸೆಟೀನ್ ಮೊದಲಾದ ಗುಳಿಗೆಗಳು ಈ ಪಂಪನ್ನು ತಡೆಯುತ್ತವೆ. ಆದ್ದರಿಂದ ಸಂದಿನಲ್ಲಿ ಸೆರೊಟೋನಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಈ ಬದಲಾವಣೆಯು ಕೆಲವೇ ಗಂಟೆಗಳಲ್ಲಿ ಆಗುತ್ತದಾದರೂ, ಅದಕ್ಕೆ ಮಿದುಳು ಹೊಂದಿಕೊಂಡು ಮನಸ್ಸು ಚೇತರಿಸಿಕೊಳ್ಳುವುದಕ್ಕೆ ಹಲವು ವಾರಗಳು ಬೇಕು. ಉಪಕಾರವು ತಡವಾಗಿ, ತೊಂದರೆಯು ಮೊದಲಾಗಿ ಬರುವುದೇ ಈ ಔಷಧಗಳ ಕಷ್ಟ.

ಸೆರೊಟೋನಿನ್ ಎಚ್ಚರವನ್ನು ಕಾಯುವ ವಸ್ತುಗಳಲ್ಲಿಯೂ ಒಂದು. ಅದು ಹೆಚ್ಚಿದಾಗ ಕನಸಿನ ನಿದ್ರೆಯು ತಡವಾಗಿ ಆರಂಭವಾಗಿ ಒಟ್ಟಿನಲ್ಲಿ ಕುಗ್ಗುತ್ತದೆ. ನಿದ್ರೆಯು ತುಂಡು ತುಂಡಾಗುತ್ತದೆ. ಹೀಗೆ ಮಧ್ಯೆ ಮಧ್ಯೆ ಎಚ್ಚರವಾಗುವುದರಿಂದ ಕನಸುಗಳು ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ. ಕೆಲವರಲ್ಲಿ ಕಾಲು ಝಾಡಿಸುವಿಕೆ, ಬೆವರು, ಹಲ್ಲು ಕಡಿಯುವಿಕೆಗಳೂ ಕಾಣಿಸಿಕೊಳ್ಳುತ್ತವೆ. ಇನ್ನು ಕೆಲವರಲ್ಲಿ ಮೇಲೆ ಹೇಳಿದ ಸ್ನಾಯುಗಳ ಬೀಗವು ಸಡಿಲವಾಗುತ್ತದೆ. ಎಲ್ಲರಿಗೂ ಹೀಗೆಯೇ ಆಗಬೇಕೆಂದಿಲ್ಲ. ಅಮಿಟ್ರಿಪ್ಟಿಲೀನ್, ಮಿರ್ಟಜಪೀನ್‌ನಂತಹ ಕೆಲವು ಖಿನ್ನತೆಯ ಔಷಧಗಳು ತದ್ವಿರುದ್ಧವಾಗಿ ಮಂಪರನ್ನು ತರುತ್ತವೆ. ಕೆರೆ ಏರಿಯ ಗಾಳಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ.

ನಾವು ಮಾಡಿದ ತಪ್ಪು

ಮೂರು ವಾರ ನಮಗೂ ನಿದ್ರೆಯಿಲ್ಲ. ಕರಿಹಲಗೆಯ ಮೇಲೆ ಬರೆಯುತ್ತಿದ್ದ ಸಮೀಕರಣದ ಒಂದು ಪದವನ್ನು ಬಿಟ್ಟು ವಿದ್ಯಾರ್ಥಿಗಳಿಂದ ತಿದ್ದಿಸಿಕೊಂಡೆವು. ಒಂದು ಬೆಳಿಗ್ಗೆ ಹಾಸನದ ದಾರಿಯಲ್ಲಿ ಮೋಟಾರು ಸೈಕಲಿನ ಮೇಲೆಯೇ ಕ್ಷಣಕಾಲ ಕಣ್ಣು ಮುಚ್ಚಿಹೋಯಿತು. ಎದುರಿನ ಲಾರಿಯವನು ಹಾರನ್ ಹೊಡೆದದ್ದರಿಂದ ಬದುಕಿಕೊಂಡೆವು. ಆ ಸಂಜೆ ಮನೆಯಾಕೆ ಹೇಳಿದಳು: “ನನ್ನಿಂದ ನಿಮ್ಮ ನಿದ್ದೆಯೂ ಹಾಳಾಯಿತು. ಈ ಗುಳಿಗೆ ನನಗೆ ಬೇಡರೀ.” ಬೇಡವೆನ್ನಬೇಡ ಎಂದು ಹೇಳಬೇಕಾಗಿದ್ದ ನಾವು, ದಣಿವಿನಲ್ಲಿ, “ನಾಲ್ಕು ದಿನ ಬಿಟ್ಟು ನೋಡೋಣ” ಎಂದುಬಿಟ್ಟೆವು. ವೈದ್ಯರನ್ನು ಕೇಳಲಿಲ್ಲ.

ಮೂರನೆಯ ದಿನ ಆಕೆಗೆ ತಲೆ ಸುತ್ತತೊಡಗಿತು. ಕಣ್ಣು ಹೊರಳಿಸಿದರೆ ತಲೆಯೊಳಗೆ ವಿದ್ಯುತ್ ಹೊಡೆದಂತಾಗುತ್ತದೆ ಎಂದಳು. ಕನಸುಗಳು ಇಮ್ಮಡಿಯಾದವು. ತಡೆದಿಟ್ಟ ಕನಸಿನ ನಿದ್ರೆಯು ತಡೆ ತೆಗೆದ ಕೂಡಲೇ ತೂಬು ತೆಗೆದ ಕೆರೆಯಂತೆ ನುಗ್ಗುತ್ತದೆಂಬುದನ್ನು ಆಮೇಲೆ ತಿಳಿದೆವು. ಎಲ್ಲಕ್ಕಿಂತ ನಮ್ಮನ್ನು ಹೆದರಿಸಿದ್ದು, ನಾಲ್ಕನೆಯ ದಿನ ಆಕೆ ಗೋಡೆಯ ಕಡೆ ಮುಖ ಮಾಡಿ, “ನಾನಿಲ್ಲದಿದ್ದರೆ ಎಲ್ಲರಿಗೂ ನಿದ್ದೆ ಬರುತ್ತದೆ” ಎಂದ ಮಾತು. ಅಂದೇ ಬಾಡಿಗೆ ಕಾರು ಮಾಡಿಕೊಂಡು ವೈದ್ಯರ ಬಳಿಗೆ ಓಡಿದೆವು.

ಅರ್ಧಾಯುವಿನ ಲೆಕ್ಕ

ವೈದ್ಯರು ನಮ್ಮನ್ನು ಗದರಿಸಲಿಲ್ಲ. “ನೀವು ಭೌತಶಾಸ್ತ್ರದವರಲ್ಲವೇ? ಇದರ ಅರ್ಧಾಯು 26 ಗಂಟೆ. ಲೆಕ್ಕ ನೀವೇ ಹಾಕಿ” ಎಂದರು. ನಾಚಿಕೆಯಾಯಿತು. ವಿಕಿರಣಶೀಲ ಅಯೋಡಿನ್ 131ರ ಅರ್ಧಾಯು 8 ದಿನಗಳೆಂದು ತರಗತಿಯಲ್ಲಿ ಹೇಳುವ ನಾವು ಮನೆಯ ಗುಳಿಗೆಗೂ ಅದೇ ನಿಯಮವಿದೆಯೆಂದು ಯೋಚಿಸಿರಲಿಲ್ಲ.

ವಾಚಕರೂ ಈ ಲೆಕ್ಕವನ್ನು ಮಾಡಬಹುದು. ಸುಲಭಕ್ಕಾಗಿ ಅರ್ಧಾಯುವನ್ನು ಒಂದು ದಿನವೆಂದು ಇಟ್ಟುಕೊಳ್ಳೋಣ. ಮೊದಲ ಗುಳಿಗೆಯ ಪ್ರಮಾಣವು 1 ಆಗಿರಲಿ. ಮರುದಿನಕ್ಕೆ ಅದರಲ್ಲಿ ಅರ್ಧ ಉಳಿದಿರುತ್ತದೆ; ಹೊಸ ಗುಳಿಗೆ ಸೇರಿ ಒಂದೂವರೆಯಾಗುತ್ತದೆ. ಮೂರನೆಯ ದಿನ ಒಂದೂಮುಕ್ಕಾಲು. ನಾಲ್ಕನೆಯ ದಿನ 1.875. ಹೀಗೆ ಗುಣೋತ್ತರ ಶ್ರೇಢಿಯಂತೆ ಏರಿ, ಸುಮಾರು ಒಂದು ವಾರದಲ್ಲಿ 2ರ ಬಳಿ ನಿಲ್ಲುತ್ತದೆ. ಮನಸ್ಸಿನ ಚೇತರಿಕೆಯು ಈ ಸಮಸ್ಥಿತಿಯ ಅಡಿಪಾಯದ ಮೇಲೆ ನಡೆಯುತ್ತದೆ. ಗುಳಿಗೆಯನ್ನು ಹಠಾತ್ತಾಗಿ ನಿಲ್ಲಿಸಿದರೆ ಮೂರು ದಿನಗಳಲ್ಲಿ ಎಂಟರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಹೊಂದಿಕೊಳ್ಳುತ್ತಿದ್ದ ಮಿದುಳಿನ ಕಾಲ ಕೆಳಗಿನ ನೆಲವನ್ನೇ ನಾವು ಎಳೆದಿದ್ದೆವು. ಫ್ಲೂಒಕ್ಸೆಟೀನ್‌ನ ಅರ್ಧಾಯುವು ಹಲವು ದಿನಗಳಷ್ಟಿರುವುದರಿಂದ ಅದು ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಒಬ್ಬರ ಗುಳಿಗೆಯ ಅನುಭವವನ್ನು ಇನ್ನೊಬ್ಬರಿಗೆ ಅನ್ವಯಿಸಲಾಗದು.

ಇನ್ನೊಂದು ಲೆಕ್ಕವೂ ಇದೆ. ಸರ್ಟ್ರಲೀನ್ ನುಂಗಿದ ಮೇಲೆ ರಕ್ತದಲ್ಲಿ ಅದರ ಮಟ್ಟವು ತುದಿ ಮುಟ್ಟುವುದಕ್ಕೆ ಸುಮಾರು 5ರಿಂದ 8 ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಆ ತುದಿಯು ಬರುವುದು ಎರಡರಿಂದ ಐದು ಗಂಟೆಯ ನಡುವೆ; ಅದೇ ಹೊತ್ತಿನಲ್ಲಿ ಕನಸಿನ ನಿದ್ರೆಯ ಸರದಿಗಳೂ ದೀರ್ಘವಾಗುತ್ತವೆ.

ಎರಡು ಅಂಕಣದ ಪುಸ್ತಕ

ವೈದ್ಯರು ನಮಗೆ ಒಂದು ಕೆಲಸವನ್ನು ಒಪ್ಪಿಸಿದರು. “ನಿದ್ರಿಸುವವರು ತಮ್ಮ ನಿದ್ರೆಯನ್ನು ನೋಡಲಾರರು. ನೋಡಬಲ್ಲವರು ನೀವು. ಕಂಡದ್ದನ್ನು ಬರೆದು ತನ್ನಿ” ಎಂದರು. ಪ್ರಯೋಗಾಲಯದ ದಾಖಲೆ ಪುಸ್ತಕದಂತೆ ಒಂದು ನೋಟ್‌ಬುಕ್ಕಿನಲ್ಲಿ ಎರಡು ಅಂಕಣಗಳನ್ನು ಎಳೆದೆವು. ಎಡಗಡೆ ಆಕೆ ಬರೆಯುತ್ತಿದ್ದಳು: ಮಲಗಿದ ಹೊತ್ತು, ಎಚ್ಚರವಾದ ಹೊತ್ತು, ಬೆಳಗಿನ ಮನಸ್ಥಿತಿ, ಕುಡಿದ ಕಾಫಿ. ಬಲಗಡೆ ನಾವು: ಕಾಲು ಝಾಡಿಸಿದ ಹೊತ್ತು, ಕೂಗಿದ್ದು, ಬೆವರು. ಹತ್ತು ದಿನಗಳಲ್ಲಿಯೇ ಎರಡು ಸಂಗತಿಗಳು ಗೋಚರವಾದವು. ಕೂಗುವಿಕೆಯೆಲ್ಲವೂ ಮೂರು ಗಂಟೆಯ ನಂತರದ್ದು. ಅಲ್ಲದೆ ಸಂಜೆ ಆರಕ್ಕೆ ಕಾಫಿ ಕುಡಿದ ದಿನಗಳಲ್ಲಿ ಎಚ್ಚರಗಳು ಹೆಚ್ಚು. ಕಾಫಿಯ ಕೆಫೀನಿಗೂ ಅರ್ಧಾಯುವುಂಟು. ಅದು ಸುಮಾರು 5 ಗಂಟೆ. ಆರರ ಕಾಫಿಯ ಅರ್ಧಭಾಗ ಹನ್ನೊಂದು ಗಂಟೆಯಲ್ಲಿಯೂ ಮೈಯಲ್ಲಿರುತ್ತದೆ.

ಪುಸ್ತಕವನ್ನು ನೋಡಿದ ವೈದ್ಯರು ಗುಳಿಗೆಯ ವೇಳೆಯನ್ನು ಬೆಳಗಿನ ತಿಂಡಿಯ ನಂತರಕ್ಕೆ ಬದಲಾಯಿಸಿದರು. ಕಬ್ಬಿಣದ ಕೊರತೆಯಿಂದಲೂ ಕಾಲುಗಳ ಚಡಪಡಿಕೆ ಹೆಚ್ಚುವುದರಿಂದ ರಕ್ತವನ್ನು ಪರೀಕ್ಷಿಸಿದರು. ಕೊರತೆ ಇತ್ತು, ಅದಕ್ಕೂ ಔಷಧ ಕೊಟ್ಟರು. ಮಧ್ಯಾಹ್ನದ ನಂತರ ಕಾಫಿ ನಿಂತಿತು. ಹಾಸಿಗೆಯನ್ನು ನೆಲಕ್ಕೆ ಇಳಿಸಿ, ಹತ್ತಿರದ ಗಾಜಿನ ಲೋಟ, ದೀಪಗಳನ್ನು ದೂರವಿಟ್ಟೆವು. ಬೆಳಗಿನ ಬಿಸಿಲು ದೇಹದ ಗಡಿಯಾರವನ್ನು ಸರಿಪಡಿಸುವುದರಿಂದ ಇಬ್ಬರೂ ದಿನವೂ ಕೆರೆ ಏರಿಯ ಮೇಲೆ ನಡೆಯತೊಡಗಿದೆವು. ಎಲ್ಲವೂ ಮಾಯವಾಯಿತೆಂದು ಹೇಳಲಾರೆವು. ಅರ್ಧಾಯುವು ಒಂದು ದಿನಕ್ಕಿಂತ ಹೆಚ್ಚಾಗಿರುವಾಗ ರಕ್ತದಲ್ಲಿನ ಏರಿಳಿತ ಸಣ್ಣದು. ವೇಳೆಯ ಬದಲಾವಣೆಯಿಂದ ದೊರೆಯುವ ಲಾಭಕ್ಕೂ ಮಿತಿಯಿದೆ. ಆದರೆ ಕೂಗುವಿಕೆ ನಿಂತಿತು; ಒದೆತಗಳು ವಾರಕ್ಕೆ ಒಂದೆರಡು ರಾತ್ರಿಗಳಿಗೆ ಇಳಿದವು. ಎರಡನೆಯ ತಿಂಗಳ ಕೊನೆಯಲ್ಲಿ ಆಕೆ ತಾನಾಗಿಯೇ ಅಕ್ಕಿರೊಟ್ಟಿ ತಟ್ಟಿ, ನಮ್ಮ ತಾಯಿಯವರನ್ನು ಊಟಕ್ಕೆ ಕರೆದಳು.

ಪಕ್ಕದವರ ನಿದ್ರೆ

ವೈದ್ಯರು ಹೇಳಿದ ಇನ್ನೊಂದು ಮಾತು ಪಾಲಿಸುವುದಕ್ಕೆ ಎಲ್ಲಕ್ಕಿಂತ ಕಷ್ಟವಾಯಿತು. ಒದೆತಗಳು ಇಳಿಯುವವರೆಗೆ ವಾರದಲ್ಲಿ ಮೂರು ರಾತ್ರಿ ನಾವು ಪಡಸಾಲೆಯಲ್ಲಿ ಮಲಗಬೇಕೆಂದರು. ಹಳ್ಳಿಯ ಮನೆಯಲ್ಲಿ ಗಂಡಹೆಂಡಿರು ಬೇರೆ ಬೇರೆ ಮಲಗಿದರೆ ಜಗಳವೆಂದೇ ಅರ್ಥ. ತಾಯಿಯವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆವು. ಆ ಮೂರು ರಾತ್ರಿ ಸೊಸೆಯ ಬಳಿ ತಾವೇ ಮಲಗುವುದಾಗಿ ಅವರು ಒಪ್ಪಿದರು. ನಿದ್ರೆಗೆಟ್ಟವನ ಸಹನೆ ಬೇಗ ಮುಗಿಯುತ್ತದೆ. ಆಗ ಅವನು ನಮ್ಮಂತೆ ತಪ್ಪು ಸಲಹೆಯನ್ನು ಕೊಡುತ್ತಾನೆ. ಪಕ್ಕದವರ ನಿದ್ರೆಯೂ ಚಿಕಿತ್ಸೆಯ ಒಂದು ಭಾಗ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 20 ವಯಸ್ಕರಲ್ಲಿ ಒಬ್ಬರು ಜೀವನದಲ್ಲಿ ಎಂದಾದರೂ ಖಿನ್ನತೆಗೆ ಒಳಗಾಗುತ್ತಾರೆ. ಆದ್ದರಿಂದ ಇದನ್ನು ಓದುತ್ತಿರುವ ವಿದ್ಯಾರ್ಥಿಗಳ ಮನೆಯಲ್ಲಿಯೂ ತಾಯಿಯೋ ಅಣ್ಣನೋ ಇಂತಹ ಗುಳಿಗೆಯನ್ನು ಸೇವಿಸುತ್ತಿರಬಹುದು. ಅವರು ರಾತ್ರಿ ಕೂಗಿದರೆ ಹೆದರಬೇಡಿ, ನಗಬೇಡಿ, ಗಮನಿಸಿ, ಬರೆದಿಡಿ. ವೈದ್ಯರನ್ನು ಕೇಳದೆ ಗುಳಿಗೆಯನ್ನು ನಿಲ್ಲಿಸಬಾರದು. ಅಂಗಡಿಯಿಂದ ನಿದ್ರೆಯ ಮಾತ್ರೆಯನ್ನು ತಂದು ಸೇರಿಸಲೂಬಾರದು. ಇಪ್ಪತ್ತೈದರ ಒಳಗಿನ ವಯಸ್ಸಿನವರು ಈ ಔಷಧಗಳನ್ನು ಆರಂಭಿಸಿದ ಮೊದಲ ವಾರಗಳಲ್ಲಿ ವಿಶೇಷ ಎಚ್ಚರಿಕೆ ಬೇಕು. ವಿಪರೀತ ಚಡಪಡಿಕೆಯಾಗಲಿ, ಬದುಕು ಬೇಡವೆಂಬ ಮಾತಾಗಲಿ ಕಂಡುಬಂದರೆ ಅಂದೇ ವೈದ್ಯರನ್ನು ಕಾಣಬೇಕು. ರಾತ್ರಿಯ ಹೊತ್ತಾದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಯಾವ ಗಂಟೆಯಲ್ಲಿಯಾದರೂ ಕನ್ನಡದಲ್ಲಿಯೇ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ.

ನಮ್ಮ ನೋಟ್‌ಬುಕ್ಕು ಈಗಲೂ ತಲೆದಿಂಬಿನ ಬಳಿ ಇದೆ. ಗುಳಿಗೆಯನ್ನು ಎಂದು, ಎಷ್ಟೆಷ್ಟಾಗಿ ಇಳಿಸಬೇಕೆಂಬುದನ್ನು ವೈದ್ಯರು ಮುಂದೆ ಹೇಳುತ್ತಾರೆ. ಅಲ್ಲಿಯವರೆಗೆ ಎಡಗಡೆಯ ಅಂಕಣವನ್ನು ಆಕೆ ತುಂಬುತ್ತಿದ್ದಾಳೆ. ಬಲಗಡೆಯದು ಈಚೆಗೆ ಬಹುತೇಕ ಖಾಲಿಯಾಗಿಯೇ ಇದೆ. ಏಕೆಂದರೆ ಆ ಹೊತ್ತಿನಲ್ಲಿ ನಾವೂ ನಿದ್ರಿಸುತ್ತಿರುತ್ತೇವೆ.