ಪರದೇಶದಲ್ಲಾದ ವಿವಾಹಕ್ಕೆ ಕಾಯದೆಯ ಮುದ್ರೆ

ಗಡಹಿಂಗ್ಲಜ, ಇಚಲಕರಂಜಿಗಳ ಮಕ್ಕಳೂ ಈಗ ಪರದೇಶದಲ್ಲಿ ಉದ್ಯೋಗ ಹಿಡಿದು, ಕೆಲವರು ಅಲ್ಲಿಯೇ ವಿವಾಹವಾಗುತ್ತಿದ್ದಾರೆ. ಆ ಮದುವೆ ಇಲ್ಲಿ ಸಿಂಧುವೇ ಎಂದು ಪಾಲಕರು ನಮ್ಮನ್ನು ಕೇಳುವುದುಂಟು.

ಇಂಥ ಪ್ರಶ್ನೆ ಕೊಲ್ಹಾಪುರಕ್ಕೆ ಹೊಸದಲ್ಲ. 1928ರಲ್ಲಿ ಇಂದೂರಿನ ಮಾಜಿ ಮಹಾರಾಜ ತುಕೋಜಿರಾವ ಹೋಳ್ಕರರು ಅಮೇರಿಕೆಯ ನ್ಯಾನ್ಸಿ ಮಿಲ್ಲರರನ್ನು ಹಿಂದೂ ವಿಧಿಯಂತೆ ವರಿಸಿದರು. ಅದಕ್ಕೆ ಮೊದಲು ಆಕೆ ಹಿಂದೂ ಧರ್ಮವನ್ನು ಸ್ವೀಕರಿಸಿ ಶರ್ಮಿಷ್ಠಾದೇವಿಯಾದರು. ದೀಕ್ಷೆಯಿತ್ತವರು ನಮ್ಮ ಕರವೀರ ಪೀಠದ ಶಂಕರಾಚಾರ್ಯ ಡಾ. ಕುರ್ತಕೋಟಿಯವರು!

ಇಂದು ಧರ್ಮಾಂತರದ ಹಂಗಿಲ್ಲ. 1969ರ ಪರದೇಶೀ ವಿವಾಹ ಕಾಯದೆಯಂತೆ ದಂಪತಿಗಳಲ್ಲಿ ಒಬ್ಬರು ಭಾರತದ ನಾಗರಿಕರಾಗಿದ್ದರೆ ಸಾಕು. ಆ ದೇಶದ ಕಾನೂನಿನಂತೆ ಮದುವೆ ನಡೆದಿದ್ದರೆ, ಅಲ್ಲಿಯ ನಮ್ಮ ರಾಯಭಾರ ಕಚೇರಿಯ ವಿವಾಹಾಧಿಕಾರಿಗೆ ಬರೆದು ಕೊಟ್ಟು, ಶುಲ್ಕ ತೆತ್ತು ನೋಂದಾಯಿಸಬಹುದು. ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು. ಇಬ್ಬರಿಗೂ ಬೇರೆ ಪತಿ ಅಥವಾ ಪತ್ನಿ ಜೀವಂತರಿರಕೂಡದು.

ನೋಂದಣಿಯಿಲ್ಲದ ಮಾತ್ರಕ್ಕೆ ಮದುವೆ ಅಸಿಂಧುವಾಗದು, ನಿಜ. ಆದರೆ ನಾಳೆ ಗಂಡನು ಕೈಬಿಟ್ಟರೆ, ಇಲ್ಲವೆ ವಾರಸಿನ ಮಾತು ಬಂದರೆ, ತಾನು ಹೆಂಡತಿಯೆಂದು ಸಾಧಿಸಲು ಅಲೆಯಬೇಕಾದವಳು ಹೆಣ್ಣುಮಗಳೇ. ಪಾಲಕರು ಇದನ್ನು ಮನಗಾಣಬೇಕು. ಈ ವಿವಾಹಾಧಿಕಾರಿಯು ಕೊಲ್ಹಾಪುರದಲ್ಲಿಲ್ಲ, ಮದುವೆಯಾದ ದೇಶದಲ್ಲಿದ್ದಾನೆ. ಆದುದರಿಂದ ಅಲ್ಲಿಂದ ಊರಿಗೆ ಹೊರಡುವ ಮೊದಲೇ ಪತ್ರವನ್ನು ಕೈಯಲ್ಲಿ ಪಡೆಯತಕ್ಕದ್ದು.